ಕಾಲುಸಂಕಕ್ಕೊಂದು ಬಿನ್ನಹ

ಮಲೆನಾಡನ್ನೂ ಕರಾವಳಿಯ ಒಳಹಳ್ಳಿಗಳನ್ನೂ ಬಲ್ಲವರಿಗೆ ಕಾಲುಸಂಕವನ್ನು ವರ್ಣಿಸಬೇಕಾಗಿಲ್ಲ. ಬಯಲುಸೀಮೆಯ ಕೇಳುಗರಿಗಾಗಿ ಎರಡು ಮಾತು. ಹಳ್ಳದ ಈ ದಡದಿಂದ ಆ ದಡಕ್ಕೆ ನಾಲ್ಕೈದು ಅಡಿಕೆಮರಗಳನ್ನೊ ಕಾಡುಮರದ ದಿಮ್ಮಿಯನ್ನೊ ಹಾಸಿ, ಬಳ್ಳಿಯಿಂದಲೊ ತಂತಿಯಿಂದಲೊ ಬಿಗಿದು, ಕೈಗೆ ಆಸರೆಯಾಗಿ ಒಂದು ಬಿದಿರನ್ನು ಕಟ್ಟಿದರೆ ಅದೇ ಸಂಕ. ಮಳೆ ಹಿಡಿಯುವ ಮೊದಲು ಊರವರೇ ಕೂಡಿ ಕಟ್ಟುತ್ತಾರೆ, ದೊಡ್ಡ ನೆರೆ ಬಂದರೆ ಕೊಚ್ಚಿಹೋಗುತ್ತದೆ, ಮತ್ತೆ ಕಟ್ಟುತ್ತಾರೆ. ಬೇಸಗೆಯಲ್ಲಿ ಇದರೊಳಗೆ ಕವಿತೆಯನ್ನು ಕಾಣುವುದು ಸುಲಭ. ಆಷಾಢದಲ್ಲಿ, ಪಾಚಿಗಟ್ಟಿದ ಮರದ ಮೇಲೆ ಪುಸ್ತಕದ ಚೀಲ ಹೊತ್ತ ಮಗು ಹೆಜ್ಜೆಯಿಡುವುದನ್ನು ಕಂಡವರಿಗೆ ಆ ಕವಿತೆ ಉಳಿಯುವುದಿಲ್ಲ. 2022ರ ಮಳೆಗಾಲದಲ್ಲಿ ಉಡುಪಿ ಜಿಲ್ಲೆಯಲ್ಲಿ ಶಾಲೆಯಿಂದ ಮರಳುತ್ತಿದ್ದ ಎಳೆಯ ಬಾಲಕಿಯೊಬ್ಬಳು ಇಂಥದೊಂದು ಸಂಕದಿಂದ ಜಾರಿ ನೀರುಪಾಲಾದಳು.

ಇಂಥ ಸುದ್ದಿ ಬಂದಾಗಲೆಲ್ಲ ಅದರ ಕೊನೆಯಲ್ಲಿ ಒಂದು ವಾಕ್ಯ ಇರುವುದುಂಟು: ಊರವರು ಹಲವು ಸಲ ಮನವಿ ಕೊಟ್ಟಿದ್ದರು. ಆ ಮನವಿಯಲ್ಲಿ ಏನಿರುತ್ತದೆ, ಅದು ಯಾವ ಬಾಗಿಲಿಗೆ ಹೋಗುತ್ತದೆ, ಹೋಗಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನಾವು ವಿಚಾರಿಸುವುದು ಕಡಿಮೆ. ಅಧಿಕಾರಿಗಳನ್ನು ಬಯ್ದು ಸುಮ್ಮನಾಗುತ್ತೇವೆ. ಬಯ್ಯಬೇಕಾದ ಸಂದರ್ಭಗಳು ಬೇಕಾದಷ್ಟಿವೆ. ಇವತ್ತು ಮಾತ್ರ ಮನವಿಯ ಪತ್ರವನ್ನೇ ಕೈಗೆತ್ತಿಕೊಂಡು ನೋಡೋಣ.

ಈ ಕಾರ್ಯಕ್ಕೆ ಕನ್ನಡದಲ್ಲಿ ಇರುವ ಮಾತುಗಳು ಗಮನಿಸತಕ್ಕವು. ಸಂಸ್ಕೃತದ ವಿಜ್ಞಾಪನವು ನಮ್ಮಲ್ಲಿ ಬಿನ್ನಪವಾಯಿತು, ಬಿನ್ನಹವಾಯಿತು. ಅಚ್ಚಗನ್ನಡದಲ್ಲಿ ಅದು ಅರಿಕೆ. ಎರಡರ ಅರ್ಥವೂ ತಿಳಿಯಪಡಿಸುವುದು ಎಂದೇ. ಬೇಡುವುದೆಂಬ ಅರ್ಥ ಇವುಗಳ ಬೇರಿನಲ್ಲಿಲ್ಲ. ಪಾರಸಿ ದಫ್ತರಗಳ ಮೂಲಕ ಬಂದ ಅರ್ಜಿಯೂ ನಿವೇದನೆಯೇ. ನಮ್ಮ ಶಾಸನಗಳಲ್ಲಿ ಇಂಥವನು ಬಿನ್ನಪ ಮಾಡಲಾಗಿ ಇಂಥ ಅರಸು ಇಂಥ ದತ್ತಿ ಬಿಟ್ಟನು ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ದಾನಿಯ ಹೆಸರಿನೊಡನೆ, ಅದನ್ನು ಅರಿಕೆ ಮಾಡಿಕೊಂಡವನ ಹೆಸರೂ ಕಲ್ಲಿಗೇರುತ್ತಿತ್ತು. ಕೆರೆಯ ಸಂಬಂಧದ ಶಾಸನಗಳಲ್ಲಿ ಇನ್ನೊಂದು ವಿಷಯವಿದೆ: ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಶಬ್ದಗಳು. ಕೆರೆಯನ್ನು ಕಟ್ಟಿಸಿದವನಿಗೆ ಬಿಟ್ಟ ಮಾನ್ಯದ ಭೂಮಿ ಒಂದು. ಕಟ್ಟಿದ ಕೆರೆ ಕೆಡದಂತೆ ನೋಡಿಕೊಳ್ಳಲು ಬಿಟ್ಟ ಭೂಮಿ ಅಥವಾ ಬೆಳೆಯ ಪಾಲು ಇನ್ನೊಂದು. ಕಟ್ಟುವ ಖರ್ಚೂ ಕಾಯುವ ಖರ್ಚೂ ಒಂದೇ ಕಲ್ಲಿನಲ್ಲಿ ಇರಬಹುದಾಗಿತ್ತು. ಈ ಮಾತಿಗೆ ಆಮೇಲೆ ಬರುತ್ತೇನೆ.

ಪ್ರಜೆಗಳ ಅರಿಕೆಗೆ ಹೊಸಗಾಲದ ರೂಪ ಸಿಕ್ಕಿದ್ದು ಮೈಸೂರಿನಲ್ಲಿ. 1881ರ ಅಕ್ಟೋಬರ್ 7ರಂದು, ದಸರೆಯ ಸಮಯದಲ್ಲಿ, ದಿವಾನ್ ರಂಗಾಚಾರ್ಲು ಅವರು ಸೇರಿಸಿದ ಪ್ರಜಾಪ್ರತಿನಿಧಿ ಸಭೆಗೆ ಆಹ್ವಾನಿತರಾದವರು 144 ಮಂದಿ. ದಿವಾನರು ಸಂಸ್ಥಾನದ ಆಯವ್ಯಯವನ್ನು ಅವರ ಮುಂದೆ ಓದಿದರು. ಪ್ರತಿನಿಧಿಗಳು ಮುಂದಿನ ವರ್ಷಗಳಲ್ಲಿ ತಮ್ಮ ತಮ್ಮ ತಾಲ್ಲೂಕಿನ ರಸ್ತೆ, ಕೆರೆ, ಶಾಲೆ, ಆಸ್ಪತ್ರೆಗಳ ಕೊರತೆಗಳನ್ನು ನಿವೇದಿಸುತ್ತ ಬಂದರು. ಸರ್ಕಾರದ ಉತ್ತರದೊಂದಿಗೆ ಅವು ಅಚ್ಚಾದವು. ಸಭೆಗೆ ಶಾಸನದ ಬಲ ದೊರೆತದ್ದು 1923ರಲ್ಲಿ. ಅಲ್ಲಿಯವರೆಗೆ ಅದು ಕೇಳಬಹುದಿತ್ತು, ಕೊಡಿಸಲಾರದಾಗಿತ್ತು. ಆದರೂ ಖಜಾನೆಯಲ್ಲಿ ಎಷ್ಟಿದೆಯೆಂಬುದನ್ನು ತಿಳಿದ ಮೇಲೆ ಕೇಳುವುದಕ್ಕೂ, ತಿಳಿಯದೆ ಕೇಳುವುದಕ್ಕೂ ಇರುವ ಅಂತರವನ್ನು ಆ ಸಭೆ ನಾಡಿಗೆ ಕಲಿಸಿತೆಂದು ನನ್ನ ಎಣಿಕೆ.

ಈಗ ಕೇಳುವ ಬಾಗಿಲು ಒಂದಲ್ಲ, ಹಲವು. ತೊಡಕು ಹುಟ್ಟುವುದೂ ಅಲ್ಲಿಯೇ. ಎಪ್ಪತ್ತಮೂರನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಮೇಲೆ ಊರಿನ ಕೆಲಸಕ್ಕೆ ಊರಿನ ಸಭೆಯೇ ಮೊದಲ ಬಾಗಿಲು. ನಮ್ಮ ರಾಜ್ಯದ ಪಂಚಾಯತ್ ಕಾಯಿದೆಯೂ ಅದೇ ವರ್ಷದ್ದು. ಅದರಂತೆ ಗ್ರಾಮಸಭೆಗೆ ಮುಂಚೆ ವಾರ್ಡ್ ಸಭೆ ಕೂಡಿ, ತನ್ನ ಬೇಡಿಕೆಗಳನ್ನು ಆದ್ಯತೆಯ ಕ್ರಮದಲ್ಲಿ ಬರೆಯಬೇಕು. ಹಳ್ಳದಾಚೆ ಇರುವ ಹತ್ತು ಮನೆಗಳ ಸಂಕದ ವಿಷಯ ಅಲ್ಲಿ ದಾಖಲಾಗದಿದ್ದರೆ, ಮೇಲೆ ಯಾರೇ ಓದಿದರೂ ಅದು ಹತ್ತು ಮನೆಗಳವರ ಖಾಸಗಿ ಕಷ್ಟವಾಗಿಯೇ ಕಾಣುತ್ತದೆ. ದಾಖಲಾದರೆ ಅದು ಗ್ರಾಮದ ನಿರ್ಣಯ. ನಮ್ಮವರು ಮಂತ್ರಿಗಳ ಕಾರನ್ನು ಅಡ್ಡಗಟ್ಟಿ ಹಾರ ಹಾಕಿ ಕಾಗದ ಕೊಡುವುದರಲ್ಲಿ ತೋರುವ ಉತ್ಸಾಹವನ್ನು ವಾರ್ಡ್ ಸಭೆಗೆ ಹೋಗುವುದರಲ್ಲಿ ತೋರುವುದಿಲ್ಲ. ಆ ಸಭೆಯಲ್ಲಿ ಛಾಯಾಚಿತ್ರ ತೆಗೆಯುವವರು ಇರುವುದಿಲ್ಲ, ಅದೊಂದು ಕಾರಣವಿದ್ದೀತು.

ಆದರೆ ಪಂಚಾಯಿತಿಯ ಕೈ ಎಷ್ಟು ಉದ್ದ? ಹದಿನೈದನೆಯ ಹಣಕಾಸು ಆಯೋಗ 2021ರಿಂದ 2026ರವರೆಗಿನ ಅವಧಿಗೆ ಗ್ರಾಮೀಣ ಸಂಸ್ಥೆಗಳಿಗೆ ಗೊತ್ತುಮಾಡಿದ ಅನುದಾನದಲ್ಲಿ ನೂರಕ್ಕೆ 60 ಭಾಗವನ್ನು ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಕಟ್ಟಿಹಾಕಿತು. ಉಳಿದ 40ರಲ್ಲಿ ದೀಪ, ದಾರಿ, ಸಂಕ ಎಲ್ಲವೂ ಹಂಚಿಕೊಳ್ಳಬೇಕು. ಹಾಗಾಗಿ ಎರಡನೆಯ ಬಾಗಿಲನ್ನು ತಟ್ಟುತ್ತಾರೆ: ಶಾಸಕರ, ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ. ಸಂಸದರ ನಿಧಿ ಹುಟ್ಟಿದ್ದು 1993ರ ಡಿಸೆಂಬರಿನಲ್ಲಿ. 2011-12ರಿಂದ ಅದರ ಮೊತ್ತ ವರ್ಷಕ್ಕೆ 5 ಕೋಟಿ ರೂಪಾಯಿ. ಈ ಹಣ ಸಂಸದರ ಕಿಸೆಯಲ್ಲಿರುತ್ತದೆಂದು ಬಹಳ ಜನ ತಿಳಿದಿದ್ದಾರೆ. ಇಲ್ಲ. ಅವರು ಶಿಫಾರಸು ಮಾಡುತ್ತಾರೆ. ಪರಿಶೀಲಿಸಿ ಮಂಜೂರು ಮಾಡುವುದು ಜಿಲ್ಲಾಡಳಿತ. ಕೆಲಸವು ಸಾರ್ವಜನಿಕ ಉಪಯೋಗದ, ಬಾಳಿಕೆ ಬರುವ ಆಸ್ತಿಯಾಗಬೇಕು. ಪರಿಶಿಷ್ಟ ಜಾತಿಯವರು ವಾಸಿಸುವ ಪ್ರದೇಶಗಳಿಗೆ ನೂರಕ್ಕೆ 15, ಪರಿಶಿಷ್ಟ ಪಂಗಡದವರ ಪ್ರದೇಶಗಳಿಗೆ ಏಳೂವರೆ ಭಾಗವನ್ನು ಶಿಫಾರಸು ಮಾಡಬೇಕೆಂದು ನಿಯಮವಿದೆ. ಹಳ್ಳದಾಚೆಯ ಕೇರಿ ಅಂಥದಾಗಿದ್ದರೆ ಮನವಿಯಲ್ಲಿ ಅದನ್ನು ಸ್ಪಷ್ಟವಾಗಿ ಬರೆಯಬೇಕು; ಸಂಕೋಚಪಟ್ಟು ಬಿಟ್ಟರೆ ನ್ಯಾಯವಾಗಿ ಬರಬೇಕಾದ ಪಾಲು ಬೇರೆ ಕಡೆಗೆ ಹರಿಯುತ್ತದೆ.

ಹಣದಷ್ಟೇ ದೊಡ್ಡ ಪ್ರಶ್ನೆ ನೆಲದ್ದು. ಮಲೆನಾಡಿನಲ್ಲಿ ಸಂಕದ ಒಂದು ತುದಿ ಯಾರದೋ ತೋಟದಲ್ಲಿ, ಇನ್ನೊಂದು ತುದಿ ಅರಣ್ಯದಲ್ಲಿ ಇರುವುದು ವಿರಳವಲ್ಲ. ತೋಟದವರ ಒಪ್ಪಿಗೆ ಬಾಯಿಮಾತಿನಲ್ಲಿದ್ದರೆ ಸಾಲದು. ಅಣ್ಣತಮ್ಮಂದಿರು ಪಾಲಾದ ದಿನ ಆ ಒಪ್ಪಿಗೆಯೂ ಪಾಲಾಗುತ್ತದೆ. ಅರಣ್ಯವೆಂದೊಡನೆ ಎಲ್ಲರೂ ಕೈಚೆಲ್ಲುತ್ತಾರೆ. ಆದರೆ 2006ರ ಅರಣ್ಯಹಕ್ಕು ಕಾಯಿದೆಯ ಮೂರನೆಯ ಪ್ರಕರಣದ ಎರಡನೆಯ ಉಪಪ್ರಕರಣವನ್ನು ಓದಿದವರು ಎಷ್ಟು ಮಂದಿ? ಶಾಲೆ, ಆಸ್ಪತ್ರೆ, ಅಂಗನವಾಡಿ, ರಸ್ತೆ ಮೊದಲಾದ 13 ಬಗೆಯ ಸಮುದಾಯ ಸೌಲಭ್ಯಗಳಿಗೆ, ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗೆ ಕಡಿಮೆ ಅರಣ್ಯಭೂಮಿಯನ್ನು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದ ಕರಾರಿನ ಮೇಲೆ ಬಿಟ್ಟುಕೊಡಲು ಅಲ್ಲಿ ಅವಕಾಶವಿದೆ. ಅದಕ್ಕೆ ಬೇಕಾದ ಶಿಫಾರಸು ಯಾರದು? ಗ್ರಾಮಸಭೆಯದು. ಯಾರೂ ಹೋಗದ ಆ ಸಭೆಯದು.

ಇನ್ನು ಏನನ್ನು ಕೇಳಬೇಕು ಎಂಬ ವಿಚಾರ. ಸುಳ್ಯದ ಇಂಜಿನಿಯರ್ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆ ಕಟ್ಟಿದರು. ಅನಂತರ ಅಂಥ ಸೇತುವೆಗಳನ್ನು ನೂರಕ್ಕೂ ಮಿಕ್ಕಿ ಕಟ್ಟಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಆ ಸೇತುವೆಗಳು ನಡೆಯುವವರಿಗೆ ಮಾತ್ರ. ಉಕ್ಕಿನ ಹಗ್ಗ, ಎರಡು ದಡದ ಕಂಬ, ಕಾಲಡಿಗೆ ಹಲಗೆ: ಲಾರಿ ಓಡಾಡುವ ಸೇತುವೆಯ ವೆಚ್ಚದ ಸಣ್ಣದೊಂದು ಭಾಗದಲ್ಲಿ, ಸ್ವಲ್ಪ ಕಾಲದಲ್ಲಿ ಮುಗಿಯುವ ಕೆಲಸ. ನಮ್ಮ ಮನವಿಗಳಾದರೋ ಸಾಮಾನ್ಯವಾಗಿ ದೊಡ್ಡ ಸೇತುವೆಯನ್ನೇ ಕೇಳುತ್ತವೆ. ಅಂದಾಜುಪಟ್ಟಿ ಕೋಟಿಗಳಿಗೇರುತ್ತದೆ, ಸ್ಥಳೀಯ ನಿಧಿಗಳಿಗೆ ನಿಲುಕದೆ ರಾಜಧಾನಿಗೆ ಹೋಗುತ್ತದೆ, ಅಲ್ಲಿ ನಿಲ್ಲುತ್ತದೆ. ಚಿಕ್ಕದನ್ನು ಕೇಳಿರೆಂದು ಹೇಳುವುದು ಸುಲಭ. ಊರವರ ಅಂಜಿಕೆಯಲ್ಲೂ ಹುರುಳಿದೆ: ಚಿಕ್ಕದನ್ನು ಒಪ್ಪಿಕೊಂಡರೆ ದೊಡ್ಡದು ಎಂದಿಗೂ ಬರುವುದಿಲ್ಲ, ಹೆರಿಗೆ ನೋವಿನ ಹೆಂಗಸನ್ನು ಒಯ್ಯುವ ವಾಹನ ತೂಗುಸೇತುವೆಯ ಮೇಲೆ ಹೋಗುವುದಿಲ್ಲ. ಆದರೂ ಶಾಲೆಯ ಮಕ್ಕಳ ಮಟ್ಟಿಗೆ ನಾನು ನಡೆಯುವ ಸೇತುವೆಯ ಪಕ್ಷದವನು. ಮಗು ಪ್ರಾಥಮಿಕ ಶಾಲೆಯಲ್ಲಿರುವುದು ಕೆಲವೇ ಮಳೆಗಾಲ. ಕಡತಕ್ಕೆ ಅಂಥ ಅವಸರವಿಲ್ಲ. ರಸ್ತೆಯ ಸೇತುವೆಗೆ ಬೇರೆಯೇ ಒಂದು ಮನವಿ ನಡೆಯುತ್ತಿರಲಿ, ಒಂದರಿಂದ ಇನ್ನೊಂದು ರದ್ದಾಗದೆಂದು ಗ್ರಾಮಸಭೆಯ ನಿರ್ಣಯದಲ್ಲಿಯೇ ಬರೆಸಿಕೊಳ್ಳಲಿ.

ಒಳ್ಳೆಯ ಮನವಿ ಚಿಕ್ಕದಾಗಿರುತ್ತದೆ. ಹಳ್ಳದ ಹೆಸರು, ಅಗಲ, ಕಳೆದ ನೆರೆಯಲ್ಲಿ ನೀರು ಮುಟ್ಟಿದ ಗುರುತು, ದಾಟುವ ಮಕ್ಕಳ ಸಂಖ್ಯೆ, ಮಳೆಗಾಲದಲ್ಲಿ ಸುತ್ತುಬಳಸಿನ ದಾರಿ ಎಷ್ಟು ಮೈಲಿ, ಶಾಲೆಯ ಹಾಜರಿ ಪುಸ್ತಕದಲ್ಲಿ ಆಷಾಢ ಶ್ರಾವಣಗಳ ಗೈರುಹಾಜರಿ. ಈ ಕೊನೆಯದನ್ನು ಬರೆಯುವವರು ಕಡಿಮೆ. ನನಗೆ ತೋರುವಂತೆ ಅದೇ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ. ಕಣ್ಣೀರಿನ ವಿಶೇಷಣಗಳು ಕಡತದಲ್ಲಿ ಬೇಗ ಒಣಗುತ್ತವೆ.

ಬಿತ್ತುವಟ್ಟದ ಮಾತಿಗೆ ಬರುತ್ತೇನೆಂದಿದ್ದೆ. ಈಗಿನ ಅನುದಾನಗಳಲ್ಲಿ ಕಟ್ಟಲು ಹಣ ಸಿಗುವಷ್ಟು ಸುಲಭವಾಗಿ ಕಾಯಲು ಸಿಗುವುದಿಲ್ಲ. ತೂಗುಸೇತುವೆಯ ಹಲಗೆ ಕೊಳೆಯುತ್ತದೆ, ಕೊಕ್ಕೆ ತುಕ್ಕು ಹಿಡಿಯುತ್ತದೆ, ಹಗ್ಗಕ್ಕೆ ಕಾಲಕಾಲಕ್ಕೆ ಎಣ್ಣೆ ಬೇಕು. ಕಾಲುಸಂಕವನ್ನು ವರ್ಷವರ್ಷವೂ ತಾವೇ ಕಟ್ಟುತ್ತಿದ್ದ ಜನ, ಸರ್ಕಾರ ಸೇತುವೆ ಕಟ್ಟಿಕೊಟ್ಟ ಮೇಲೆ ಒಂದು ಹಲಗೆ ಸಡಿಲಾದರೂ ಸರ್ಕಾರವೇ ಬರಲೆಂದು ಕಾಯುತ್ತಾರೆ. ಇದನ್ನು ಸೋಮಾರಿತನವೆಂದು ನಾನು ಹೇಳಲಾರೆ. ಸರ್ಕಾರದ ಆಸ್ತಿಗೆ ಕೈಹಚ್ಚಿ ಏನಾದರೂ ಆದರೆ ಹೊಣೆ ಯಾರದೆಂಬ ಭಯ ಅದು. ಆದ್ದರಿಂದ ಹೊಣೆಯನ್ನು ಮೊದಲೇ ಬರೆದಿಡಬೇಕು. ಪಂಚಾಯಿತಿಯ ತೆರಿಗೆಯಿಂದ ವರ್ಷಕ್ಕೆ ಇಷ್ಟು. ಮಳೆಗೆ ಮುಂಚೆ ಒಂದು ತಪಾಸಣೆ. ತಪಾಸಣೆ ಮಾಡುವವರು ಇಂಥವರು. ನೀರು ಈ ಗುರುತು ಮುಟ್ಟಿದರೆ ಸೇತುವೆ ಬಂದ್, ಬಂದ್ ಮಾಡುವವರು ಇಂಥವರು. ಹೀಗೆ ಬರೆದ ಮನವಿ ಸರ್ಕಾರವನ್ನು ಕೇಳುವುದರ ಜೊತೆಗೆ ಊರನ್ನೂ ಕಟ್ಟಿಹಾಕುತ್ತದೆ. ಅದಕ್ಕೆ ಎಷ್ಟು ಊರುಗಳು ಸಿದ್ಧವಾಗಿವೆ ಎಂಬುದು ವಾರ್ಡ್ ಸಭೆಯ ಹಾಜರಿಯಿಂದ ಗೊತ್ತಾಗಬೇಕು. ಮುಂದಿನ ಮುಂಗಾರಿಗೆ ಸೇತುವೆ ಬೇಕಾದರೆ ಅರಿಕೆಯ ಕೆಲಸ ಈ ದೀಪಾವಳಿಯ ಹೊತ್ತಿಗೇ ಮೊದಲಾಗಬೇಕು. ಹಳ್ಳದ ಅಗಲ ಅಳೆಯುವುದಕ್ಕೂ ಅದೇ ಸರಿಯಾದ ಕಾಲ; ಆಗ ನೀರು ಇಳಿದಿರುತ್ತದೆ, ನೆರೆಯ ಗುರುತು ಮರದ ಬುಡದಲ್ಲಿ ಇನ್ನೂ ಅಳಿಸಿರುವುದಿಲ್ಲ.