ನೆರಳಿನಲ್ಲಿ ಹುಟ್ಟಿದ ಬೇಸಿಗೆ

ಮೇ 5 ಅಥವಾ 6ರ ಹೊತ್ತಿಗೆ ಚೀನಾದ ಉತ್ತರ ಬಯಲಿನಲ್ಲಿ ಸೆಕೆ ಇನ್ನೂ ಬಿರುಸಾಗಿರುವುದಿಲ್ಲ. ಆದರೂ ಅಲ್ಲಿನ ಪಂಚಾಂಗದಲ್ಲಿ ಬೇಸಿಗೆ ಕಾಲಿಟ್ಟಾಗಿರುತ್ತದೆ. ಆ ದಿನ ಚೀನೀಯರಿಗೆ ಲೀಶಿಯಾ, ಜಪಾನೀಯರಿಗೆ ರಿಕ್ಕ.

ಇದನ್ನು ಗೊತ್ತು ಮಾಡಿದ್ದು ಸೆಕೆಯಲ್ಲ, ನೆರಳು. ನೆಟ್ಟ ಕಂಬದ ನಡುಹಗಲಿನ ನೆರಳು ವರ್ಷಕ್ಕೊಮ್ಮೆ ಅತಿ ಉದ್ದ, ಒಮ್ಮೆ ಅತಿ ಗಿಡ್ಡ. ನೆರಳು ಅತಿ ಗಿಡ್ಡವಾಗುವ ಜೂನ್ 21ರ ಸುಮಾರಿನ ದಿನವನ್ನು ಪ್ರಾಚೀನ ಚೀನಾದವರು ಬೇಸಿಗೆಯ ನಟ್ಟನಡುವೆ ಇಟ್ಟರು. ಹಾಗಾಗಿ ಅದರ ಆರಂಭ ಒಂದೂವರೆ ತಿಂಗಳು ಮೊದಲೇ ಬಿತ್ತು. ಕಾದ ನೆಲಕ್ಕಿಂತ ಏರುವ ಬಿಸಿಲನ್ನೇ ನಂಬಿದ ಈ ಲೆಕ್ಕ ನನಗೆ ಬಹಳ ಮೆಚ್ಚುಗೆ.

ಚಾಂದ್ರಮಾನದ ವರ್ಷ ಸೂರ್ಯನ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಗಿಡ್ಡ. ಬಿತ್ತುವವನಿಗೆ ಅದೊಂದೇ ಸಾಲದು. ಅದಕ್ಕಾಗಿ ಸೂರ್ಯನ ವರ್ಷವನ್ನು 24 ಪಾಲು ಮಾಡಿದರು. ಕ್ರಿ.ಪೂ. 2ನೇ ಶತಮಾನದ ‘ಹುವಾಯ್‌ನಾನ್‌ಜಿ’ಯಲ್ಲಿ ಇವುಗಳ ಪೂರ್ಣ ಪಟ್ಟಿಯಿದೆ. ಕ್ರಿ.ಪೂ. 104ರ ರಾಜಪಂಚಾಂಗ ಅವನ್ನು ಅಳವಡಿಸಿಕೊಂಡಿತು. ಅವುಗಳಲ್ಲಿ ಒಂದು ಬಗೆಯ ಪಾಲು ಸೇರದ ತಿಂಗಳು ಅಧಿಕ ಮಾಸವಾಯಿತು. ಸಂಕ್ರಮಣವಿಲ್ಲದ ತಿಂಗಳನ್ನು ನಾವು ಅಧಿಕವೆನ್ನುವ ಹಾಗೆಯೇ.

ಶತಮಾನಗಳ ಕಾಲ ಈ ಪಾಲುಗಳೆಲ್ಲ ಒಂದೇ ಅಳತೆಯವು, ಹದಿನೈದು ದಿನಕ್ಕಿಂತ ತುಸು ಹೆಚ್ಚು. ಆದರೆ ಭೂಮಿ ಸೂರ್ಯನ ಸುತ್ತ ಒಂದೇ ವೇಗದಲ್ಲಿ ಸಾಗುವುದಿಲ್ಲ. ಜನವರಿಯಲ್ಲಿ ಅವಸರ, ಜುಲೈಯಲ್ಲಿ ನಿಧಾನ. ಮಂಚೂ ಅರಸರು ಬೀಜಿಂಗ್ ಹಿಡಿದ ಮರುವರ್ಷ, 1645ರಲ್ಲಿ, ಜೆಸ್ಯೂಟ್ ಪಾದ್ರಿ ಆಡಮ್ ಶಾಲ್ ರೂಪಿಸಿದ ಪಂಚಾಂಗ ಜಾರಿಗೆ ಬಂತು. ಅದು ದಿನಗಳ ಬದಲು ಸೂರ್ಯನ ಹಾದಿಯನ್ನೇ ಹದಿನೈದು ಹದಿನೈದು ಡಿಗ್ರಿಗಳಾಗಿ ಕಡಿಯಿತು. ವಸಂತ ವಿಷುವದಿಂದ ಸೂರ್ಯ 45 ಡಿಗ್ರಿ ಸಾಗಿದ ಗಳಿಗೆಯೇ ಲೀಶಿಯಾ ಆಯಿತು. ಬೇಸಿಗೆ ಹೆಚ್ಚುಕಡಿಮೆ ಎರಡು ದಿನ ಮುಂಚಿತವಾಯಿತು!

ಲೆಕ್ಕ ಒಂದೇ ಆದರೂ ಊರೂರಿನ ಬೇಸಿಗೆ ಒಂದೇ ಅಲ್ಲ. ಪ್ರತಿ ಪಾಲನ್ನೂ ಐದೈದು ದಿನಗಳ ಮೂರು ತುಂಡು ಮಾಡಿ, ಒಂದೊಂದಕ್ಕೂ ನಿಸರ್ಗದ ಒಂದೊಂದು ಗುರುತು ಕೊಡುವ ರೂಢಿ ಚೀನಾದ್ದು. ಲೀಶಿಯಾದ ಮೂರನೆಯ ಗುರುತು ಅಲ್ಲಿ ಒಂದು ಕಾಡುಬಳ್ಳಿ. 17ನೇ ಶತಮಾನದ ಕೊನೆಗೆ ಜಪಾನಿನ ಶಿಬುಕಾವಾ ಶುಂಕಾಯ್ ತಮ್ಮ ನೆಲಕ್ಕೆ ಒಪ್ಪುವಂತೆ ಪಟ್ಟಿಯನ್ನು ತಿದ್ದಿದಾಗ, ಕಪ್ಪೆಯ ಕೂಗು, ಎರೆಹುಳುಗಳ ನಂತರ ಬಂದದ್ದು ಬಿದಿರ ಕಳಲೆ. ಇನ್ನು ಚೀನಾದ ಹಾಂಗ್‌ಝೌ ಸುತ್ತ ಲೀಶಿಯಾದಂದು ಮಕ್ಕಳನ್ನು ತಕ್ಕಡಿಯಲ್ಲಿ ತೂಗುವ, ಬೇಯಿಸಿದ ಮೊಟ್ಟೆಯನ್ನು ಬಣ್ಣದ ದಾರದ ಜಾಳಿಗೆಯಲ್ಲಿ ಅವರ ಕೊರಳಿಗೆ ಕಟ್ಟುವ ಪದ್ಧತಿ ಇದೆ.

2016ರಲ್ಲಿ ಯುನೆಸ್ಕೊ ಈ 24 ಪಾಲುಗಳ ಜ್ಞಾನವನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ಬೇಸಿಗೆ ಹುಟ್ಟುವ ಗಳಿಗೆಯನ್ನು ನಾನ್‌ಜಿಂಗ್‌ನ ಪರ್ಪಲ್ ಮೌಂಟನ್ ವೀಕ್ಷಣಾಲಯ ನಿಮಿಷದ ನಿಖರತೆಯಲ್ಲಿ ಲೆಕ್ಕ ಹಾಕುತ್ತದೆ.