ಗಡಿ ದಾಟುವ ಹಳೆಯ ಕೋವಿಗಳು

ಯುದ್ಧವು ಮುಗಿದ ಮೇಲೆ ಯೋಧರು ತಮ್ಮ ತಮ್ಮ ಊರುಗಳಿಗೆ ಹಿಂದಿರುಗುತ್ತಾರೆ. ಅವರು ಹಿಡಿದಿದ್ದ ಕೋವಿಗಳ ಗತಿಯೇನಾಗುವುದೆಂದು ನಾವು ಯೋಚಿಸುವುದು ಅಪರೂಪ. ಕೆಲವನ್ನು ಕರಗಿಸುತ್ತಾರೆ, ಕೆಲವು ಎಣ್ಣೆ ಬಳಿಸಿಕೊಂಡು ಉಗ್ರಾಣಗಳಲ್ಲಿ ದಶಕಗಳ ಕಾಲ ಮಲಗುತ್ತವೆ, ಮಿಕ್ಕವನ್ನು ಸರ್ಕಾರಗಳು ವರ್ತಕರಿಗೆ ಮಾರಿಬಿಡುತ್ತವೆ. ಹೀಗೆ ಮಾರಿದ ಕೋವಿಗಳನ್ನು ಚರಿತ್ರೆಯ ಅವಶೇಷಗಳೆಂದು ಕೂಡಿಡುವ ಜನರು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಹುಮಂದಿ ಇದ್ದಾರೆ. ಪರದೇಶದ ಉಗ್ರಾಣದಿಂದ ಅಂಥವರ ಮನೆಗೆ ಕೋವಿಯು ಬರುವ ದಾರಿ ಯಾವುದೆಂಬುದನ್ನು ಈ ಹೊತ್ತು ವಿಚಾರಿಸೋಣ.

ಸಂಗ್ರಾಹಕನು ಕೋವಿಯನ್ನು ಶಾಸನದಂತೆ ಓದುತ್ತಾನೆ. ನಮ್ಮ ದೇಶದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಕಲ್ಕತ್ತೆಯ ಬಳಿ ಹೂಗ್ಲಿ ತೀರದ ಇಶಾಪುರದ ಕಾರ್ಖಾನೆಯಲ್ಲಿ ಬ್ರಿಟಿಷರ ಕಾಲದಲ್ಲಿ ತಯಾರಾದ ಲೀ-ಎನ್‌ಫೀಲ್ಡ್ ರೈಫಲ್ಲುಗಳ ಮೇಲೆ ಕಿರೀಟವೂ ಚಕ್ರವರ್ತಿಯ ಹೆಸರಿನ ಮೊದಲಕ್ಷರಗಳೂ ತಯಾರಿಕೆಯ ವರ್ಷವೂ ಇವೆ. ಸ್ವಾತಂತ್ರ್ಯಾನಂತರ ಕಿರೀಟವು ಮರೆಯಾಗಿ ಅದರ ಸ್ಥಾನದಲ್ಲಿ ಅಶೋಕನ ಸಿಂಹಗಳು ಬಂದು ನಿಂತುವು. 1962ರ ಚೀನಾ ಯುದ್ಧದ ತರುವಾಯ ಇದೇ ಮಾದರಿಯನ್ನು 7.62 ಮಿಲಿಮೀಟರ್ ಗುಂಡಿಗೆ ಹೊಂದಿಸಿ ಮತ್ತೊಂದು ರೈಫಲ್ಲನ್ನು ತಯಾರಿಸಿದರು. ಕಾಲಕ್ರಮದಲ್ಲಿ ಇವೆಲ್ಲವೂ ಅಮೆರಿಕದ ಅಂಗಡಿಗಳನ್ನು ಸೇರಿದುವು. ಒಂದು ರಾಜ್ಯವು ಅಳಿದು ಇನ್ನೊಂದು ಹುಟ್ಟಿದ ವೃತ್ತಾಂತವು ಅಂಗೈಯಗಲದ ಉಕ್ಕಿನಲ್ಲಿ ಅಡಗಿರುವಾಗ, ಅದಕ್ಕೆ ಹಣ ತೆರುವವನನ್ನು ಹುಚ್ಚನೆನ್ನಲು ನಮಗೆ ಮನಸ್ಸು ಬಾರದು.

ಆದರೆ ಈ ಸರಕು ಪುಸ್ತಕದಂತಲ್ಲ, ನಾಣ್ಯದಂತಲ್ಲ. ಇದು ಇಂದಿಗೂ ಕೊಲ್ಲಬಲ್ಲುದು. 1950ರ ದಶಕದಲ್ಲಿ ಯೂರೋಪಿನ ಸೈನ್ಯಗಳು ಬಿಸುಟ ಕೋವಿಗಳು ಅಮೆರಿಕಕ್ಕೆ ಹಡಗು ಹಡಗಾಗಿ ಬಂದು, ಅಂಚೆಯ ಮೂಲಕ ಅಗ್ಗದ ಬೆಲೆಗೆ ಮಾರಾಟವಾಗುತ್ತಿದ್ದುವು. ಮ್ಯಾಸಚೂಸೆಟ್ಸಿನ ಕೋವಿ ತಯಾರಕರ ವ್ಯಾಪಾರಕ್ಕೆ ಇದರಿಂದ ಪೆಟ್ಟು ಬೀಳಲು, ಆ ಪ್ರಾಂತದ ಸೆನೆಟರೊಬ್ಬರು 1958ರಲ್ಲಿ ಇಂಥ ಆಮದನ್ನು ನಿಲ್ಲಿಸುವ ಮಸೂದೆಯನ್ನು ತಂದರು. ಮಸೂದೆಯು ಶಾಸನವಾಗಲಿಲ್ಲ. ಆ ಸೆನೆಟರು ಜಾನ್ ಕೆನೆಡಿ. 1963ರ ನವೆಂಬರ್ 22ರಂದು, ಅಧ್ಯಕ್ಷಪದವಿಯಲ್ಲಿದ್ದ ಅವರನ್ನು ಕೊಂದದ್ದು ಇಟಲಿಯ ಸೈನ್ಯದ ಹಳೆಯ ಕಾರ್ಕಾನೊ ರೈಫಲ್. ಕೊಲೆಗಾರನು ಅದನ್ನು ಸುಳ್ಳು ಹೆಸರಿನಲ್ಲಿ, ದುರ್ಬೀನು ಸಹಿತ, 19 ಡಾಲರ್ 95 ಸೆಂಟಿಗೆ ಅಂಚೆಯಿಂದ ತರಿಸಿಕೊಂಡಿದ್ದನು.

ಐದು ವರ್ಷಗಳ ಮೇಲೆ, ಮಾರ್ಟಿನ್ ಲೂಥರ್ ಕಿಂಗ್ ಹಾಗೂ ರಾಬರ್ಟ್ ಕೆನೆಡಿಯವರ ಕೊಲೆಗಳು ನಡೆದ 1968ರಲ್ಲಿ, ಬಂದೂಕು ನಿಯಂತ್ರಣ ಶಾಸನವು ಬಂದು ಸೈನ್ಯದ ಹಳೆಯ ಕೋವಿಗಳ ಆಮದನ್ನು ತಡೆಯಿತು. 1984ರಲ್ಲಿ ಬಾಗಿಲು ಸ್ವಲ್ಪಮಟ್ಟಿಗೆ ತೆರೆಯಿತು. ಐವತ್ತು ವರ್ಷ ಕಳೆದು ಮೂಲರೂಪದಲ್ಲಿಯೇ ಉಳಿದಿರುವ ರೈಫಲ್ಲುಗಳು ಸಾಮಾನ್ಯವಾಗಿ ಸ್ಮಾರಕವಸ್ತುಗಳೆನಿಸಿಕೊಳ್ಳುತ್ತವೆ. ಅವನ್ನು ಲೈಸೆನ್ಸು ಪಡೆದ ಆಮದುದಾರನು ಪೂರ್ವಾನುಮತಿಯ ಮೇರೆಗೆ ತರಿಸಬಹುದು. ಮಾರುವ ದೇಶದ ಒಪ್ಪಿಗೆಯು ಬೇರೆಯೇ ಬೇಕು. ವಿದೇಶದ ಅಂಗಡಿಯಲ್ಲಿ ಕೊಂಡದ್ದನ್ನು ತಾನೇ ಪೆಟ್ಟಿಗೆಯಲ್ಲಿಟ್ಟು ತರುವೆನೆಂದು ಹೊರಟವನು ಸುಂಕದ ಕಟ್ಟೆಯಲ್ಲಿ ಕೋವಿಯನ್ನೂ ಕಳೆದುಕೊಂಡು ಅಪರಾಧಿಯೂ ಆದಾನು.

ಇಷ್ಟರಿಂದಲೇ ಮುಗಿಯಲಿಲ್ಲ. ಆಮದುದಾರನು ತನ್ನ ಹೆಸರು, ಊರು, ಕೋವಿ ಹುಟ್ಟಿದ ದೇಶ, ಮಾದರಿ ಮುಂತಾದುವನ್ನು ಅದರ ಉಕ್ಕಿನ ಮೇಲೆ ಅಳಿಯದಂತೆ ಕೊರೆಯಿಸತಕ್ಕದ್ದು. ಕೊರೆತದ ಆಳ ಇಂತಿಷ್ಟಿರಬೇಕೆಂದು 2002ರಿಂದ ಅಳತೆಯನ್ನೂ ವಿಧಿಸಿದ್ದಾರೆ. ಸಂಗ್ರಾಹಕನಿಗೆ ಇದು ಹಳೆಯ ಶಿಲಾಶಾಸನದ ಪಕ್ಕದಲ್ಲಿ ವರ್ತಕನು ತನ್ನ ವಿಳಾಸ ಕೆತ್ತಿಸಿದಂತೆ ತೋರುತ್ತದೆ. ಆದಕಾರಣ ಈ ಕೊರೆತವಿಲ್ಲದ, 1968ಕ್ಕೆ ಮುಂಚೆ ಬಂದ ಕೋವಿಗೆ ಬೆಲೆ ಹೆಚ್ಚು. ಎರಡನೆಯ ಮಹಾಯುದ್ಧದಿಂದ ಸಿಪಾಯಿಯೊಬ್ಬನು ಮೇಲಧಿಕಾರಿಯ ಸಹಿಯ ಪತ್ರದೊಡನೆ ತಂದದ್ದಾದರೆ ಆ ಪತ್ರಕ್ಕೂ ಬೆಲೆಯುಂಟು. ಸಂಗ್ರಾಹಕನ ಗೊಣಗಾಟವು ನಮಗೆ ಅರ್ಥವಾಗುತ್ತದೆ. ಆದರೂ ಕೋವಿಯು ಯಾರ ಕೈಯಿಂದ ದೇಶದೊಳಗೆ ಬಂತೆಂದು ಹೇಳುವ ಗುರುತು ಸಮಾಜಕ್ಕೆ ಬೇಕೆಂಬ ಪಕ್ಷವೇ ನಮ್ಮದು.

ಅಮೆರಿಕದಲ್ಲೇ ತಯಾರಾಗಿ, ಮಿತ್ರರಾಷ್ಟ್ರಗಳಿಗೆ ನೆರವಾಗಿ ಹೋದ ಕೋವಿಗಳಿಗಂತೂ ತವರಿನ ದಾರಿ ಇನ್ನೂ ಕಠಿಣ. ದಕ್ಷಿಣ ಕೊರಿಯದ ಸರ್ಕಾರವು ತನ್ನಲ್ಲಿದ್ದ ಸಾವಿರಾರು ಗ್ಯಾರಂಡ್ ರೈಫಲ್ಲುಗಳನ್ನು ಅಮೆರಿಕದ ಸಂಗ್ರಾಹಕರಿಗೆ ಮಾರಲು ಹೊರಟಾಗ, 2010ರಲ್ಲಿ ವಾಷಿಂಗ್ಟನ್ನಿನ ಆಡಳಿತವು ಅಡ್ಡಿಮಾಡಿತು. 2013ರಲ್ಲಿ, ಇಂಥ ಸೈನಿಕ ಆಯುಧಗಳನ್ನು ಖಾಸಗಿಯವರು ಮರಳಿ ತರಿಸಲು ಕೆಲವು ವಿನಾಯಿತಿಗಳ ಹೊರತು ಅನುಮತಿ ಕೊಡುವುದಿಲ್ಲವೆಂದು ಪ್ರಕಟಿಸಿತು.

ಇನ್ನು ಇಶಾಪುರದ ಆ ರೈಫಲ್ಲನ್ನು ಅಮೆರಿಕದಲ್ಲಿ ನೆಲಸಿದ ಕನ್ನಡಿಗನೊಬ್ಬನು ಅಲ್ಲಿನ ಕಾನೂನಿನಂತೆ ಕೊಳ್ಳಬಹುದು. ಅದನ್ನು ಬೆಂಗಳೂರಿನ ತನ್ನ ಮನೆಗೆ ತರುವೆನೆಂದರೆ ಮಾತು ಬೇರೆಯಾಗುತ್ತದೆ. 1959ರ ನಮ್ಮ ಆಯುಧ ಶಾಸನದ ಕೆಳಗೆ 303 ಬೋರು ಸೈನ್ಯಕ್ಕೆ ಮೀಸಲಾದ ನಿಷಿದ್ಧ ಬೋರುಗಳಲ್ಲೊಂದು. ಕೇಂದ್ರ ಸರ್ಕಾರದ ವಿಶೇಷ ಅನುಮತಿಯಿಲ್ಲದೆ ಅಂಥದನ್ನು ಪ್ರಜೆಯು ಇಟ್ಟುಕೊಳ್ಳುವಂತಿಲ್ಲ.