ಪಿಟೀಲು ಕಲಿಕೆ: ಕೈಗೆ ಕೆಟ್ಟ ರೂಢಿ ಅಂಟದಿರಲಿ

ಸಂಗೀತವು ಮನಸ್ಸಿಗೆ ಹಿತವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಆ ಹಿತವನ್ನು ಉಂಟುಮಾಡುವ ಕೈ, ಭುಜ, ಬೆನ್ನುಗಳ ಹಿತವನ್ನು ಕುರಿತು ಯೋಚಿಸುವವರು ವಿರಳ. ಮಗುವನ್ನು ಪಿಟೀಲು ಪಾಠಕ್ಕೆ ಸೇರಿಸಿದ ಪಾಲಕರು ಸ್ವರ ಸರಿಯಾಯಿತೇ, ತಾಳ ಕೂಡಿತೇ ಎಂದು ವಿಚಾರಿಸುತ್ತಾರೆ; ಭುಜ ಬಿಗಿಯಾಗುತ್ತಿದೆಯೇ, ಕುತ್ತಿಗೆ ನೋಯುತ್ತಿದೆಯೇ ಎಂದು ಕೇಳುವುದು ಅಪರೂಪ. ಹಲವು ವರ್ಷ ಶ್ರಮಿಸಿ, ಕೊನೆಗೆ ಕೈನೋವಿನಿಂದಾಗಿ ವಾದ್ಯವನ್ನೇ ಬದಿಗಿಟ್ಟವರಿದ್ದಾರೆ. ಆ ನೋವಿನ ಬೀಜವು ಅನೇಕ ವೇಳೆ ಕಲಿಕೆಯ ಮೊದಲ ತಿಂಗಳುಗಳಲ್ಲೇ ಬಿದ್ದಿರುತ್ತದೆ.

ಕನ್ನಡದಲ್ಲಿ ‘ಅಭ್ಯಾಸ’ ಎಂಬ ಪದಕ್ಕೆ ಸಾಧನೆ ಎಂಬ ಅರ್ಥವೂ ಉಂಟು, ರೂಢಿ ಎಂಬ ಅರ್ಥವೂ ಉಂಟು. ಶರೀರಶಾಸ್ತ್ರದ ದೃಷ್ಟಿಯಲ್ಲಿ ಈ ಎರಡು ಅರ್ಥಗಳೂ ಒಂದೇ. ಯಾವುದೇ ಚಲನೆಯನ್ನು ಪುನಃ ಪುನಃ ಮಾಡಿದಾಗ ಮಿದುಳು ಅದನ್ನು ಗಮನವಿಲ್ಲದೆಯೇ ನಡೆಯುವಂತೆ ಅಳವಡಿಸಿಕೊಳ್ಳುತ್ತದೆ. ಆ ಚಲನೆ ಸರಿಯೋ ತಪ್ಪೋ ಎಂದು ಅದು ವಿಚಾರಿಸುವುದಿಲ್ಲ. ನೂರು ಬಾರಿ ಭುಜವನ್ನೆತ್ತಿ ನುಡಿಸಿದರೆ, ಸ್ವರದೊಂದಿಗೆ ಎತ್ತಿದ ಭುಜವೂ ಕಂಠಪಾಠವಾಗುತ್ತದೆ. ಆದುದರಿಂದ ಎಷ್ಟು ಹೊತ್ತು ನುಡಿಸಿದೆವು ಎಂಬುದಕ್ಕಿಂತ ಹೇಗೆ ನುಡಿಸಿದೆವು ಎಂಬುದೇ ಮುಖ್ಯ.

ಕುಳಿತುಕೊಳ್ಳುವ ಕ್ರಮ

ಪಿಟೀಲು ಯುರೋಪಿನಿಂದ ಬಂದ ವಾದ್ಯ. ಕರ್ನಾಟಕ ಸಂಗೀತಕ್ಕೆ ಅದನ್ನು ಅಳವಡಿಸಿದ ಕೀರ್ತಿ ಬಾಲುಸ್ವಾಮಿ ದೀಕ್ಷಿತರಿಗೆ (1786–1858) ಸಲ್ಲುತ್ತದೆ. ಪಾಶ್ಚಾತ್ಯರು ಅದನ್ನು ಗಲ್ಲದಡಿಯಲ್ಲಿ ಇರಿಸಿಕೊಂಡು ನಿಂತೋ, ಕುರ್ಚಿಯ ಮೇಲೆ ಕುಳಿತೋ ನುಡಿಸುತ್ತಾರೆ. ನಮ್ಮಲ್ಲಿ ನೆಲದ ಮೇಲೆ ಕುಳಿತು, ವಾದ್ಯದ ಒಂದು ತುದಿಯನ್ನು ಎಡಭುಜ ಮತ್ತು ಎದೆಗೆ ಆನಿಸಿ, ಸುರುಳಿಯಿರುವ ಇನ್ನೊಂದು ತುದಿಯನ್ನು ಬಲಪಾದದ ಮೇಲೆ ಇರಿಸುತ್ತೇವೆ. ಹೀಗೆ ವಾದ್ಯವು ಎರಡು ಕಡೆ ನೆಲೆಗೊಳ್ಳುವುದರಿಂದ ಎಡಗೈಗೆ ಅದನ್ನು ಹೊರುವ ಕೆಲಸವಿಲ್ಲ; ಗಮಕಗಳಿಗಾಗಿ ಅದು ತಂತಿಯ ಮೇಲೆ ಸ್ವತಂತ್ರವಾಗಿ ಸರಿದಾಡಬಲ್ಲುದು.

ಈ ಅನುಕೂಲವನ್ನು ಕೆಡಿಸುವುದು ಬೆನ್ನು ಬಾಗಿಸುವ ರೂಢಿ. ಬೆನ್ನು ಬಾಗಿದೊಡನೆ ಕುತ್ತಿಗೆ ಮುಂದಕ್ಕೆ ಚಾಚುತ್ತದೆ, ಎಡಭುಜ ಮೇಲೇಳುತ್ತದೆ, ಉಸಿರೂ ಮೊಟಕಾಗುತ್ತದೆ. ಕಂಬಳಿಯನ್ನೋ ದಪ್ಪ ಚಾಪೆಯನ್ನೋ ಮಡಿಸಿ ಆಸನದ ಕೆಳಗೆ ಇರಿಸಿಕೊಂಡರೆ ಸೊಂಟವು ಮಂಡಿಗಿಂತ ತುಸು ಮೇಲಕ್ಕೆ ಬಂದು ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಮಕ್ಕಳಿಗೆ ಅವರ ತೋಳಿಗೆ ಹೊಂದುವ ಅಳತೆಯ ವಾದ್ಯವನ್ನೇ ಕೊಡಿಸಬೇಕು. ಕಾಲು, ಅರ್ಧ, ಮುಕ್ಕಾಲು ಅಳತೆಯ ಪಿಟೀಲುಗಳು ದೊರೆಯುತ್ತವೆ. ಮುಂದೆ ಬೆಳೆಯುತ್ತಾನೆಂದು ಈಗಲೇ ಪೂರ್ಣ ಅಳತೆಯದನ್ನು ಕೊಡಿಸಿದರೆ ಉಳಿಯುವ ಹಣಕ್ಕಿಂತ ಮಗುವಿನ ಮಣಿಕಟ್ಟಿಗೆ ಆಗುವ ಶ್ರಮವೇ ಹೆಚ್ಚು.

ಎಡಗೈಯ ಬಿಗಿತ

ಹೊಸಬರಲ್ಲಿ ಸಾಮಾನ್ಯವಾಗಿ ಕಾಣುವ ದೋಷವೆಂದರೆ ಹೆಬ್ಬೆರಳಿನಿಂದ ವಾದ್ಯದ ಕುತ್ತಿಗೆಯನ್ನು ಹಿಂಡಿ ಹಿಡಿಯುವುದು, ತಂತಿಯನ್ನು ಬಲವಾಗಿ ಒತ್ತುವುದು. ಒಂದು ಸುಲಭ ಪರೀಕ್ಷೆಯಿದೆ. ಬೆರಳನ್ನು ತಂತಿಗೆ ಕೇವಲ ಸೋಕಿಸಿ ಕಮಾನು ಎಳೆಯಿರಿ, ನಾದ ಅಸ್ಪಷ್ಟವಾಗಿರುತ್ತದೆ. ಒತ್ತಡವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಹೋಗಿ. ಸ್ವರ ಸ್ಪಷ್ಟವಾಗಿ ಕೇಳಿಸಿದ ಕ್ಷಣದಲ್ಲಿ ಎಷ್ಟು ಒತ್ತಡವಿತ್ತೋ ಅಷ್ಟೇ ಸಾಕು. ಅದಕ್ಕೂ ಹೆಚ್ಚಿನದು ನಾದಕ್ಕೆ ಏನನ್ನೂ ಸೇರಿಸದು, ಸ್ನಾಯುಗಳನ್ನು ಮಾತ್ರ ದಣಿಸುತ್ತದೆ.

ಬೆರಳಿನ ಸ್ಥಾನವನ್ನು ಕಣ್ಣಿನಿಂದ ಹುಡುಕುವುದು ಇನ್ನೊಂದು ರೂಢಿ. ಗುರುತಿಗೆಂದು ಅಂಟಿಸಿದ ಪಟ್ಟಿಗಳು ಆರಂಭದಲ್ಲಿ ನೆರವಾದರೂ, ಅವನ್ನೇ ನೋಡುತ್ತಿದ್ದರೆ ತಲೆ ಸದಾ ಬಾಗಿರುತ್ತದೆ, ಕಿವಿ ಆಲಸಿಯಾಗುತ್ತದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಡಿತ ಪುಟ್ಟರಾಜ ಗವಾಯಿಗಳು (1914–2010) ದೃಷ್ಟಿಯಿಲ್ಲದೆಯೂ ಪಿಟೀಲು ಸೇರಿದಂತೆ ಅನೇಕ ವಾದ್ಯಗಳಲ್ಲಿ ಪ್ರಭುತ್ವ ಪಡೆದಿದ್ದರು. ಸ್ವರಸ್ಥಾನ ತಿಳಿಯಬೇಕಾದುದು ಕಿವಿಗೆ ಮತ್ತು ಸ್ಪರ್ಶಕ್ಕೆ. ತಂಬೂರಿ ಅಥವಾ ಶ್ರುತಿಪೆಟ್ಟಿಗೆಯ ನಾದದೊಡನೆ ಕಣ್ಣು ಮುಚ್ಚಿ ನಿಧಾನವಾಗಿ ನುಡಿಸುವುದು ಕಿವಿಗೂ ಕುತ್ತಿಗೆಗೂ ಹಿತ.

ಬಲಗೈ ಮತ್ತು ಕಮಾನು

ಕಮಾನನ್ನು ಮುಷ್ಟಿಯಂತೆ ಹಿಡಿದರೆ ಬಿಗಿತವು ಬೆರಳಿನಿಂದ ಮಣಿಕಟ್ಟಿಗೆ, ಅಲ್ಲಿಂದ ಮೊಣಕೈಗೆ, ಭುಜಕ್ಕೆ ಏರುತ್ತದೆ. ಹೆಬ್ಬೆರಳು ತುಸು ಬಾಗಿರಬೇಕು, ಉಳಿದ ಬೆರಳುಗಳು ಸಡಿಲವಾಗಿ ಕಡ್ಡಿಯ ಮೇಲಿರಬೇಕು. ಕಮಾನು ಓರೆಯಾಗಿ ಜಾರಿದಾಗ ಕರ್ಕಶ ಸದ್ದು ಬರುತ್ತದೆ. ಆಗ ಇನ್ನಷ್ಟು ಒತ್ತುವುದು ಪರಿಹಾರವಲ್ಲ. ಕಮಾನು ಕುದುರೆಗೆ ಸಮಾನಾಂತರವಾಗಿ ಚಲಿಸುವಂತೆ ಸರಿಪಡಿಸುವುದೇ ಪರಿಹಾರ. ಪ್ರತಿದಿನ ಮೊದಲ ಐದು ನಿಮಿಷ ಕನ್ನಡಿಯ ಮುಂದೆ ಕುಳಿತು, ಬೆರಳಿಡದ ತಂತಿಗಳ ಮೇಲೆ ಷಡ್ಜ–ಪಂಚಮಗಳನ್ನು ಉದ್ದವಾಗಿ ಎಳೆದರೆ ಈ ದೋಷ ಬೇಗ ಕಣ್ಣಿಗೆ ಬೀಳುತ್ತದೆ.

ಅವಸರವೇ ಮೂಲದೋಷ

ಸರಳೆ ವರಸೆಗಳನ್ನು ಮೊದಲು ಒಂದನೆಯ ಕಾಲದಲ್ಲಿ, ಅನಂತರ ಎರಡು ಮತ್ತು ಮೂರನೆಯ ಕಾಲಗಳಲ್ಲಿ ನುಡಿಸುವ ಪದ್ಧತಿಯಲ್ಲಿ ಆರೋಗ್ಯದ ಸೂತ್ರವೂ ಅಡಗಿದೆ. ನಿಧಾನ ಗತಿಯಲ್ಲಿ ಬಿಗಿತವನ್ನು ಗುರುತಿಸಿ ಬಿಡಿಸಬಹುದು; ವೇಗದಲ್ಲಿ ಅದು ಮರೆಯಾಗಿ ಬೇರೂರುತ್ತದೆ. ತಪ್ಪಿದ ಕೂಡಲೇ ಮೊದಲಿನಿಂದ ನುಡಿಸುವುದಕ್ಕಿಂತ, ತಪ್ಪಿದ ಎರಡು ಮೂರು ಸ್ವರಗಳನ್ನಷ್ಟೇ ಪ್ರತ್ಯೇಕಿಸಿ ತಿದ್ದಿಕೊಳ್ಳುವುದು ಲೇಸು. ಇಪ್ಪತ್ತೈದು ನಿಮಿಷಕ್ಕೊಮ್ಮೆ ವಾದ್ಯವನ್ನು ಕೆಳಗಿಟ್ಟು, ಎದ್ದು ನಿಂತು ಭುಜಗಳನ್ನು ನಿಧಾನವಾಗಿ ತಿರುಗಿಸಿ ಐದು ನಿಮಿಷ ವಿಶ್ರಮಿಸಬೇಕು. ವಾರವಿಡೀ ಸುಮ್ಮನಿದ್ದು ಭಾನುವಾರ ಮೂರು ಗಂಟೆ ನುಡಿಸುವುದಕ್ಕಿಂತ ದಿನವೂ ಅರ್ಧ ಗಂಟೆ ನುಡಿಸುವುದು ಕೈಗೂ ಕಲೆಗೂ ಕ್ಷೇಮ.

ನೋವನ್ನು ಸಹಿಸಬೇಡಿ

ಬೆರಳ ತುದಿಯ ಚರ್ಮ ಮೊದಮೊದಲು ಉರಿದು ಆಮೇಲೆ ಗಟ್ಟಿಯಾಗುವುದು ಸಹಜ. ದಣಿವು ವಿಶ್ರಾಂತಿಯಿಂದ ಕಳೆಯುತ್ತದೆ. ಆದರೆ ಮಣಿಕಟ್ಟು, ಹೆಬ್ಬೆರಳಿನ ಬುಡ, ಮೊಣಕೈ, ಭುಜಗಳಲ್ಲಿ ಮರುದಿನವೂ ಉಳಿಯುವ ನೋವು ಸಹಜವಲ್ಲ. ಕಿರುಬೆರಳು, ಉಂಗುರಬೆರಳುಗಳಲ್ಲಿ ಜೋಮು ಹಿಡಿದರೆ ಮೊಣಕೈಯ ಬಳಿ ಸಾಗುವ ನರದ ಮೇಲೆ, ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿದರೆ ಮಣಿಕಟ್ಟಿನ ನರದ ಮೇಲೆ ಒತ್ತಡ ಬಿದ್ದಿರುವ ಸಂಭವವಿದೆ. ಇಂಥ ಲಕ್ಷಣಗಳು ಕಂಡಾಗ ನುಡಿಸುವುದನ್ನು ನಿಲ್ಲಿಸಿ ಗುರುಗಳಿಗೆ ತಿಳಿಸಬೇಕು. ಕೆಲವು ದಿನಗಳಲ್ಲಿ ಶಮನವಾಗದಿದ್ದರೆ ವೈದ್ಯರನ್ನು ಕಾಣಬೇಕು. ನೋವು ನುಂಗಿ ನುಡಿಸುವುದು ತಪಸ್ಸಲ್ಲ. ನೋವನ್ನು ತಪ್ಪಿಸಲು ಶರೀರವು ಮತ್ತೊಂದು ವಕ್ರಭಂಗಿಯನ್ನು ಕಲಿತುಬಿಡುತ್ತದೆ.

ಈಗಾಗಲೇ ಕೆಟ್ಟ ರೂಢಿ ಅಂಟಿದ್ದರೆ ಎದೆಗುಂದಬೇಕಿಲ್ಲ. ಎಲ್ಲವನ್ನೂ ಒಮ್ಮೆಲೇ ತಿದ್ದಲು ಹೊರಡದೆ, ಗುರುಗಳ ಸಲಹೆಯಂತೆ ಒಂದು ದೋಷವನ್ನು ಮಾತ್ರ ಆರಿಸಿಕೊಂಡು, ಬಲ್ಲ ಪಾಠವನ್ನೇ ಅತಿ ನಿಧಾನವಾಗಿ ಕೆಲವು ವಾರ ನುಡಿಸಬೇಕು. ಮನೆಯ ಹಿರಿಯರಿಗೆ ರಾಗದ ಜ್ಞಾನವಿಲ್ಲದಿದ್ದರೂ ಚಿಂತೆಯಿಲ್ಲ. ಮಗು ನುಡಿಸುವಾಗ ಎದುರಿಗೆ ಕುಳಿತು, ಭುಜ ಇಳಿದಿದೆಯೇ, ಬೆನ್ನು ನೆಟ್ಟಗಿದೆಯೇ, ಮುಖ ಶಾಂತವಾಗಿದೆಯೇ ಎಂದು ಗಮನಿಸಿದರೆ ಅದೇ ದೊಡ್ಡ ನೆರವು.